ಶಾಲೆಯ ಗೋಡೆಗೂ ಶ್ರುತಿ ಬೇಕು

ಶೈಕ್ಷಣಿಕ ಪ್ರವಾಸದ ನಿಮಿತ್ತ ಬಿಜಾಪುರಕ್ಕೆ, ಎಂದರೆ ಇಂದಿನ ವಿಜಯಪುರಕ್ಕೆ, ಹೋಗಿಬಂದ ಮಕ್ಕಳನ್ನು ಅಲ್ಲಿ ಏನು ಕಂಡಿರೆಂದು ಕೇಳಿದರೆ, ಅವರು ಕಂಡುದನ್ನು ಹೇಳುವುದಿಲ್ಲ, ಕೇಳಿದುದನ್ನು ಹೇಳುತ್ತಾರೆ. 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟದ ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಎದುರು ಬದಿಯ ಗೆಳೆಯನ ಕಿವಿಗೆ ಮುಟ್ಟಿದ್ದು, ಒಂದು ಚಪ್ಪಾಳೆಯು ಹಲವು ಚಪ್ಪಾಳೆಗಳಾಗಿ ಹಿಂದಿರುಗಿದ್ದು, ಇವೇ ಅವರ ಪ್ರವಾಸ ಕಥನದ ಮುಖ್ಯ ಅಧ್ಯಾಯಗಳು. ಅದು ನಿಜಕ್ಕೂ ಸೋಜಿಗವೇ. ಆದರೆ ಅದೇ ಮಕ್ಕಳು ಊರಿಗೆ ಮರಳಿ ಶಾಲೆಯ ಹೊಸ ಸಭಾಂಗಣದಲ್ಲಿ ಕುಳಿತಾಗ, ಉಪಾಧ್ಯಾಯರ ಮಾತು ಅದೇ ಬಗೆಯಲ್ಲಿ ಗೋಡೆಯಿಂದ ಗೋಡೆಗೆ ಅಪ್ಪಳಿಸಿ ಒಂದರ ಮೇಲೊಂದು ಬಿದ್ದು ಕಲಸಿಹೋಗುವುದನ್ನು ಯಾರೂ ಸೋಜಿಗವೆಂದು ಗಣಿಸುವುದಿಲ್ಲ, ದೋಷವೆಂದೂ ಗಣಿಸುವುದಿಲ್ಲ. ದೊಡ್ಡ ಕಟ್ಟಡವೆಂದ ಮೇಲೆ ಹೀಗೆಯೇ ಇರುತ್ತದೆ ಎಂದು ಸುಮ್ಮನಾಗುತ್ತಾರೆ. ಗೋರಿಯ ಕಟ್ಟಡಕ್ಕೆ ಒಪ್ಪುವ ಗುಣವೊಂದು ವಿದ್ಯಾಲಯಕ್ಕೆ ಒಪ್ಪುವುದೇ ಎಂಬ ಪ್ರಶ್ನೆಯನ್ನು ಎತ್ತುವ ಕಾಲ ಈಗ ಬಂದಿದೆ.

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ಹೆದ್ದಾರಿಯ ಮೇಲಿರುವ ಹಂಪಾಪುರದಂತಹ ಹೋಬಳಿ ಕೇಂದ್ರವೊಂದನ್ನು ನೆನೆಯಬಹುದು. ಮಾನಂದವಾಡಿಯ ಕಡೆಗೆ ಹೋಗುವ ಲಾರಿಗಳು, ನಿಲ್ದಾಣದಲ್ಲಿ ಯಂತ್ರ ನಿಲ್ಲಿಸದೆ ಗುರುಗುಟ್ಟುತ್ತ ನಿಲ್ಲುವ ಬಸ್ಸುಗಳು, ಸಂತೆ, ಹಬ್ಬ, ಚುನಾವಣೆ ಎಂದು ಯಾವುದಾದರೊಂದು ನೆಪದಲ್ಲಿ ಕೂಗುವ ಧ್ವನಿವರ್ಧಕಗಳು, ಆಷಾಢ ಬಂತೆಂದರೆ ತಗಡಿನ ಮಾಡಿನ ಮೇಲೆ ಸುರಿಯುವ ಮಳೆ. ಇಂತಹ ಊರುಗಳ ಶಾಲೆಯಲ್ಲಿ ಹಿಂದಿನ ಬೆಂಚಿನ ಬಾಲಕನಿಗೆ ಪಾಠವು ಎಷ್ಟು ಕೇಳಿಸುತ್ತದೆ ಎಂಬುದನ್ನು ಅಳೆದು ನೋಡಿದವರು ವಿರಳ. ಉಕ್ತಲೇಖನದಲ್ಲಿ ಅವನು ಮಹಾಪ್ರಾಣದ ಸ್ಥಾನದಲ್ಲಿ ಅಲ್ಪಪ್ರಾಣ ಬರೆದರೆ, ಒತ್ತಕ್ಷರ ಬಿಟ್ಟರೆ, ಕೆಂಪು ಶಾಯಿಯ ಗುರುತು ಬೀಳುವುದು ಅವನ ಪುಸ್ತಕದ ಮೇಲೆ. ಕಟ್ಟಡದ ನಕ್ಷೆಯ ಮೇಲಲ್ಲ. ಶೀತ, ಕಿವಿಸೋರು ಮೊದಲಾದವುಗಳಿಂದ ಸ್ವಲ್ಪ ಶ್ರವಣಶಕ್ತಿ ಕುಂದಿದ ಮಗುವಿನ ಗತಿಯಂತೂ ಹೇಳತೀರದು. ಅಂತಹ ಮಗುವನ್ನು ‘ಗಮನವಿಲ್ಲದ ಹುಡುಗ’ ಎಂದು ಕರೆದುಬಿಡುವುದು ಬಹಳ ಸುಲಭ.

ದಾನಿಗಳ ಔದಾರ್ಯವನ್ನು ಕುರಿತು ಎರಡು ಮಾತಿಲ್ಲ. ಗ್ರಾಮಾಂತರದ ವಿದ್ಯಾಸಂಸ್ಥೆಗಳು ತಲೆಯೆತ್ತಿ ನಿಂತಿರುವುದು ಅವರ ಕೈಯ ಗುಣದಿಂದಲೇ. ಆದರೆ ದಾನವು ಕಣ್ಣಿಗೆ ಕಾಣುವ ವಸ್ತುಗಳತ್ತ ಹರಿಯುವುದು ಸಹಜ. ಹೊಳಪಿನ ಗ್ರಾನೈಟಿನ ನೆಲ, ಎತ್ತರದ ಕಾಂಕ್ರೀಟು ಚಾವಣಿ, ಗಾಜಿನ ಕಿಟಕಿ, ಗೋಡೆಗೆ ನುಣ್ಣನೆಯ ಗಿಲಾವು, ಕೊನೆಗೆ ಮೂಲೆಗೊಂದು ಧ್ವನಿವರ್ಧಕ, ಇವು ಸಭಾಂಗಣದ ಲಕ್ಷಣಗಳೆಂದು ಎಲ್ಲರೂ ಒಪ್ಪಿದ್ದಾರೆ. ನಾರಿನ ಹಾಸಿನ ಮೇಲೆ ಯಾರ ಹೆಸರನ್ನೂ ಕೆತ್ತಿಸಲಾಗುವುದಿಲ್ಲವೆಂಬುದೂ ಇದಕ್ಕೆ ಒಂದು ಕಾರಣವಿರಬಹುದು. ಸಭಾಂಗಣದ ಲಕ್ಷಣಗಳೆಂದು ಮೇಲೆ ಹೇಳಿದ ವಸ್ತುಗಳಲ್ಲಿ ಒಂದೊಂದೂ ಧ್ವನಿಯನ್ನು ಕನ್ನಡಿಯಂತೆ ಪ್ರತಿಫಲಿಸುವಂಥದೇ ಎಂಬುದು ಮಾತ್ರ ಗಮನಕ್ಕೆ ಬರುವುದು ಉದ್ಘಾಟನೆಯ ದಿನ, ಅತಿಥಿಗಳ ಭಾಷಣ ಆರಂಭವಾದ ಮೇಲೆ.

ಈ ಕಷ್ಟ ಇಂದಿನದಲ್ಲ, ಇಲ್ಲಿಯದೊಂದೇ ಅಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರವೊಂದರಲ್ಲಿ ಮಾತು ಅರ್ಥವಾಗದೆ ಅದು ನಿರುಪಯುಕ್ತವಾಗಿತ್ತು. ಅದನ್ನು ಸರಿಪಡಿಸುವ ಹೊಣೆ ವಾಲೆಸ್ ಸಬೀನ್ ಎಂಬ ತರುಣ ಅಧ್ಯಾಪಕನ ಪಾಲಿಗೆ ಬಂದಿತು. ಅವನು ರಾತ್ರಿಯ ನಿಶ್ಶಬ್ದದಲ್ಲಿ ಬೇರೊಂದು ರಂಗಮಂದಿರದ ಮೆತ್ತೆಗಳನ್ನು ಹೊರಿಸಿ ತಂದು ಹಾಸಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ, ನಾದವು ಅಡಗಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ಹಿಡಿದು ಅಳೆದನು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಮರಳಿ ಒಯ್ದಿರಿಸಿದನು. ಬರಿಯ ಮಂದಿರದಲ್ಲಿ ಸ್ವರವು ಐದೂವರೆ ಸೆಕೆಂಡುಗಳವರೆಗೆ ಉಳಿಯುತ್ತಿತ್ತು. ಹೀಗೆ ಮೂಡಿದ ಸೂತ್ರವು ಇಂದಿಗೂ ಕಟ್ಟಡ ಧ್ವನಿವಿಜ್ಞಾನದ ಅಡಿಗಲ್ಲು. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಆ ಕೋಣೆಯಲ್ಲಿರುವ ಧ್ವನಿ ಹೀರುವ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ. ತೆರೆದ ಕಿಟಕಿಯೇ ಸಬೀನನ ಅಳತೆಗೋಲು: ಅದರ ಮೂಲಕ ಹೊರಟುಹೋದ ಧ್ವನಿ ಹಿಂದಿರುಗುವುದಿಲ್ಲವಾದ್ದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿಯೆಂದರೆ ಒಂದು ಪೂರ್ಣ ಮಾನ.

ಲೆಕ್ಕವನ್ನು ಒಂದು ಕಲ್ಪಿತ ಸಭಾಂಗಣಕ್ಕೆ ಅನ್ವಯಿಸಿ ನೋಡೋಣ. ಉದ್ದ 30 ಮೀಟರ್, ಅಗಲ 15, ಎತ್ತರ 6. ಘನ ಅಳತೆ 2,700 ಘನ ಮೀಟರ್. ನೆಲ, ಚಾವಣಿ, ಗೋಡೆಗಳು ಸೇರಿ 1,440 ಚದರ ಮೀಟರ್. ಗಿಲಾವು, ಕಾಂಕ್ರೀಟು, ಗ್ರಾನೈಟುಗಳು ನೂರರಲ್ಲಿ ಮೂರು ಪಾಲು ಧ್ವನಿಯನ್ನು ಹೀರುತ್ತವೆಂದು ಹಿಡಿದರೆ ಒಟ್ಟು ಹೀರಿಕೆ ಸುಮಾರು 43 ಮಾನಗಳು. ಕಿಟಕಿ ಮುಚ್ಚಿದ ಬರಿಯ ಸಭಾಂಗಣದಲ್ಲಿ ಅನುರಣನ 10 ಸೆಕೆಂಡು! ವಾರ್ಷಿಕೋತ್ಸವದಂದು 500 ಮಕ್ಕಳು ಕುಳಿತರೆ, ತಲೆಗೆ 0.3 ಮಾನದಂತೆ ಮಕ್ಕಳ ಮೈ, ಬಟ್ಟೆಗಳೇ ಧ್ವನಿಯನ್ನು ಹೀರಿಕೊಂಡು ಅದು ಎರಡೂಕಾಲು ಸೆಕೆಂಡಿಗೆ ಇಳಿಯುತ್ತದೆ. ಮಾರನೆಯ ದಿನ ಅದೇ ಸ್ಥಳದಲ್ಲಿ 100 ಮಕ್ಕಳಿಗೆ ಪಾಠ ಮಾಡಹೊರಟರೆ ಮತ್ತೆ ಆರು ಸೆಕೆಂಡು. ಆಡುಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಹೊರಡುತ್ತವೆ. ಹಿಂದಿನ ಇಪ್ಪತ್ತೈದು ಅಕ್ಷರಗಳ ಶೇಷವು ಗಾಳಿಯಲ್ಲಿ ತೂಗಾಡುತ್ತಿರುವಾಗ ಇಪ್ಪತ್ತಾರನೆಯದನ್ನು ಬೇರ್ಪಡಿಸಿ ಕೇಳಬೇಕಾದ ಕಷ್ಟವನ್ನು ಊಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತರಗತಿಗೆ ಹೇಳಿರುವ ಅನುರಣನ 0.6 ಸೆಕೆಂಡು, ಹಿನ್ನೆಲೆಯ ಗದ್ದಲ 35 ಡೆಸಿಬೆಲ್. ಸಭಾಂಗಣವನ್ನು ತರಗತಿಗೆ ಹೋಲಿಸುವುದು ನ್ಯಾಯವಲ್ಲ, ನಿಜ. ಆದರೂ ಅಂತರವು ಕಣ್ಣಿಗೆ ರಾಚುತ್ತದೆ.

ಇದಕ್ಕೆ ಸಾಮಾನ್ಯವಾಗಿ ಮಾಡುವ ಚಿಕಿತ್ಸೆಯೆಂದರೆ ಧ್ವನಿವರ್ಧಕ. ರೋಗಕ್ಕಿಂತ ಈ ಮದ್ದು ಕೆಟ್ಟದು. ಮಾತನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ಅದರ ಪ್ರತಿಧ್ವನಿಯೂ ಹತ್ತು ಪಟ್ಟು ದೊಡ್ಡದಾಗುತ್ತದೆ. ಸ್ಪಷ್ಟತೆ ಕೂದಲಿನಷ್ಟೂ ಹೆಚ್ಚುವುದಿಲ್ಲ. ಕೇಳಿಸದಿರುವುದು ಬೇರೆ, ತಿಳಿಯದಿರುವುದು ಬೇರೆ. ಧ್ವನಿವರ್ಧಕವು ಮೊದಲನೆಯದಕ್ಕೆ ಮಾತ್ರ ಔಷಧ. ಇನ್ನು ಗೋಡೆಗೆ ಥರ್ಮೋಕೋಲ್ ಹಲಗೆ ಅಂಟಿಸುವ ಪದ್ಧತಿಯೊಂದಿದೆ. ಅದರ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿಲ್ಲವಾಗಿ ಧ್ವನಿಯು ಒಳಹೊಕ್ಕು ಸವೆಯಲು ಅಲ್ಲಿ ದಾರಿಯೇ ಇಲ್ಲ. ಬಿಸಿಲಿಗೆ ಅದು ಒಳ್ಳೆಯ ತಡೆ, ಸದ್ದಿಗೆ ಅಲ್ಲ.

ಹಾಗಾದರೆ ಗೋಡೆಯನ್ನು ದಪ್ಪ ಮಾಡಿದರಾಯಿತಲ್ಲವೇ ಎಂದು ಕೇಳಬಹುದು. ಹೊರಗಿನ ಸದ್ದನ್ನು ತಡೆಯುವ ವಿಷಯದಲ್ಲಿ ಭಾರಕ್ಕೆ ಬೆಲೆಯಿದೆಯೆಂಬುದು ನಿಜವಾದರೂ ಅದು ಬಹಳ ದುಬಾರಿಯ ಬೆಲೆ. ಗೋಡೆಯ ಭಾರವನ್ನು ಇಮ್ಮಡಿಸಿದರೆ ಒಳಬರುವ ಸದ್ದು ಕುಗ್ಗುವುದು ಹೆಚ್ಚೆಂದರೆ ಆರು ಡೆಸಿಬೆಲ್. ಮತ್ತೆ ಆರು ಬೇಕೆಂದರೆ ಮತ್ತೆ ಇಮ್ಮಡಿ. ಅದರಲ್ಲಿಯೂ ಲಾರಿಯ ಯಂತ್ರ, ಜನರೇಟರು, ಗಿರಣಿ ಇವುಗಳ ತಗ್ಗಿದ ಗುಡುಗು ಎಲ್ಲವನ್ನೂ ಹಾದುಬರುತ್ತದೆ. ಸೆಕೆಂಡಿಗೆ 100 ಕಂಪನಗಳ ಸದ್ದಿನ ಒಂದು ಅಲೆಯ ಉದ್ದ ಗಾಳಿಯಲ್ಲಿ ಸುಮಾರು 3.4 ಮೀಟರ್. ನಾರು, ಹತ್ತಿ, ಬಟ್ಟೆಗಳಿಂದ ಅದನ್ನು ಚೆನ್ನಾಗಿ ಹೀರಿಸಬೇಕಾದರೆ ಅಲೆಯ ಕಾಲು ಭಾಗದಷ್ಟು, ಎಂದರೆ 85 ಸೆಂಟಿಮೀಟರ್ ದಪ್ಪದ ಹೊದಿಕೆ ಬೇಕು. ಅಂತಹ ಹಾಸಿಗೆಯನ್ನು ಯಾವ ಶಾಲೆಯ ಗೋಡೆಗೆ ಹೊದಿಸಲಾದೀತು?

ವಿಜ್ಞಾನವು ಕಳೆದ ಕಾಲು ಶತಮಾನದಲ್ಲಿ ಈ ಪ್ರಶ್ನೆಗೆ ಬೇರೊಂದು ದಿಕ್ಕಿನಿಂದ ಉತ್ತರ ಕಂಡುಕೊಂಡಿದೆ. ಆ ಉತ್ತರದ ಮರ್ಮವು ದಪ್ಪದಲ್ಲಿಯೂ ಇಲ್ಲ, ಭಾರದಲ್ಲಿಯೂ ಇಲ್ಲ, ಶ್ರುತಿಯಲ್ಲಿದೆ. ಅದನ್ನು ತಿಳಿಯಲು ಮೃದಂಗಕ್ಕಿಂತ ಉತ್ತಮವಾದ ಪಾಠೋಪಕರಣ ಬೇರೊಂದಿಲ್ಲ.

ಬಿಗಿದು ಕಟ್ಟಿದ ಬರಿಯ ತೊಗಲನ್ನು ತಟ್ಟಿದರೆ ಹೊರಡುವ ಸ್ವರಗಳು ಒಂದಕ್ಕೊಂದು ಸರಳ ಪ್ರಮಾಣದಲ್ಲಿರುವುದಿಲ್ಲ. ಆದುದರಿಂದ ಅದು ನಾದವಾಗದೆ ಸದ್ದಾಗಿಯೇ ಉಳಿಯುತ್ತದೆ. ಮೃದಂಗದ ಬಲಮುಖದ ನಡುವೆ ಕಬ್ಬಿಣಾಂಶವುಳ್ಳ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ಪದರದ ಮೇಲೆ ಪದರವಾಗಿ ತಿಕ್ಕಿ ಕೂಡಿಸಿದ ಕರಣೆಯು ಈ ಅವ್ಯವಸ್ಥೆಯನ್ನು ತಿದ್ದುತ್ತದೆ. ಚಂದ್ರಶೇಖರ ವೆಂಕಟರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ವಿಚಾರವನ್ನು ಮೊದಲು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ನಿರ್ದೇಶಕರಾಗಿ ಬಂದು, ಮರುವರ್ಷ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದ ಮೇಲೆ, ಅದರ ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಭಾರತೀಯ ಚರ್ಮವಾದ್ಯಗಳನ್ನು ಕುರಿತು ವಿವರವಾದ ಪ್ರಬಂಧ ಬರೆದರು. ತೊಗಲಿನ ಮೇಲೆ ನುಣ್ಣನೆಯ ಮರಳು ಉದುರಿಸಿ, ಅದು ಕಂಪಿಸದ ಗೆರೆಗಳ ಮೇಲೆ ಬಂದು ನಿಲ್ಲುವುದನ್ನು ಕಂಡು, ಒಂಬತ್ತು ಬಗೆಯ ಕಂಪನಗಳು ಕರಣೆಯ ಭಾರದಿಂದ ಐದು ಸುಸ್ವರಗಳಾಗಿ ಒಟ್ಟುಗೂಡುತ್ತವೆಂದು ತೋರಿಸಿದರು. ಎಡಮುಖದ ಸಂಗತಿಯಂತೂ ಇನ್ನೂ ಸ್ವಾರಸ್ಯಕರ. ಅಲ್ಲಿ ಕರಣೆಯಿಲ್ಲ, ಕಚೇರಿಗೆ ಮುನ್ನ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುತ್ತಾರೆ, ಮುಗಿದ ಮೇಲೆ ತೆಗೆದುಬಿಡುತ್ತಾರೆ. ಚೂರು ಹೆಚ್ಚು ಮೆತ್ತಿದರೆ ಸ್ವರ ಇಳಿಯುತ್ತದೆ, ಚೂರು ತೆಗೆದರೆ ಏರುತ್ತದೆ. ಒಂದು ಚಿಟಿಕೆ ರವೆಯ ಭಾರವು, ಇರಬೇಕಾದ ಕಡೆ ಇದ್ದರೆ, ಇಡೀ ತೊಗಲಿನ ನಡತೆಯನ್ನು ಆಳುತ್ತದೆ.

ಈಗ ವಿಜ್ಞಾನಿಗಳು ‘ಮೆಟಾಮೆಟೀರಿಯಲ್’ ಎಂದು ಕರೆಯುವುದರ ತಿರುಳು ಇದಕ್ಕಿಂತ ಬಹಳ ದೂರದ್ದಲ್ಲ. ಕನ್ನಡದಲ್ಲಿ ಅದನ್ನು ರಚನಾದ್ರವ್ಯ ಎನ್ನಬಹುದು. ಏಕೆಂದರೆ ಅದರ ಗುಣವು ಅದು ಯಾವ ವಸ್ತುವಿನಿಂದ ಆಗಿದೆ ಎಂಬುದರಿಂದ ಬಂದುದಲ್ಲ, ಹೇಗೆ ರಚಿತವಾಗಿದೆ ಎಂಬುದರಿಂದ ಬಂದುದು. ಜೋಡಣೆಯೊಂದೇ ಸದ್ದನ್ನು ತಡೆಯಬಲ್ಲದೆಂಬ ಸುಳಿವು 1995ರಲ್ಲಿ ದೊರೆತದ್ದು ಒಂದು ಶಿಲ್ಪದಿಂದ. ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ಉಕ್ಕಿನ ಟೊಳ್ಳು ಕೊಳವೆಗಳನ್ನು ಸಾಲುಸಾಲಾಗಿ ನೆಟ್ಟು ಯುಸೆಬಿಯೊ ಸೆಂಪೆರೆ ಎಂಬ ಕಲಾವಿದ ರಚಿಸಿದ್ದ ಶಿಲ್ಪವೊಂದು ಕೆಲವು ನಿಶ್ಚಿತ ಆವೃತ್ತಿಗಳ ಧ್ವನಿಯನ್ನು ತನ್ನ ಮೂಲಕ ಹಾಯಗೊಡುವುದಿಲ್ಲವೆಂದು ಅಲ್ಲಿನ ವಿಜ್ಞಾನಿಗಳು ಅಳೆದು ತೋರಿಸಿದರು. ಆದರೆ ಅಂತಹ ಜೋಡಣೆಯಲ್ಲಿ ಕೊಳವೆಗಳ ನಡುವಣ ಅಂತರವು ಅಲೆಯ ಉದ್ದಕ್ಕೆ ಹೊಂದುವಷ್ಟು ದೊಡ್ಡದಿರಬೇಕಾಗುತ್ತದೆ. 2000ದಲ್ಲಿ ಹಾಂಗ್‌ಕಾಂಗಿನ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು ಈ ನಿರ್ಬಂಧವನ್ನೂ ದಾಟಿದರು. ಒಂದು ಸೆಂಟಿಮೀಟರಿನ ಸೀಸದ ಗುಂಡುಗಳಿಗೆ ಮೆತ್ತನೆಯ ಸಿಲಿಕೋನ್ ರಬ್ಬರ್ ಹೊದಿಸಿ, ಅವನ್ನು ಗಟ್ಟಿ ಅಂಟಿನಲ್ಲಿ ಸಾಲಾಗಿ ಹುದುಗಿಸಿದರು. ಅಂತಹ ಕೇವಲ ಎರಡು ಸೆಂಟಿಮೀಟರ್ ದಪ್ಪದ ಹಲಗೆಯೊಂದು, ಸೆಕೆಂಡಿಗೆ 400 ಕಂಪನಗಳ ಸದ್ದನ್ನು, ಅದರ ಭಾರದಿಂದ ನಿರೀಕ್ಷಿಸಬಹುದಾದುದಕ್ಕಿಂತ ಹತ್ತು ಪಟ್ಟಿಗೂ ಮೀರಿ ತಡೆಯಿತು. ಗಾಳಿಯಲ್ಲಿ ಆ ಅಲೆಯ ಉದ್ದ 86 ಸೆಂಟಿಮೀಟರ್! ರಬ್ಬರಿನ ಮೇಲೆ ತೂಗುವ ಸೀಸದ ಗುಂಡು ತನ್ನ ಶ್ರುತಿಯ ಅಲೆ ಬಂದಾಗ ತಾನೂ ತೂಗುತ್ತದೆ. ಆದರೆ ಅಲೆಯ ತಳ್ಳುವಿಕೆಗೆ ಎದುರಾಗಿ ತೂಗುತ್ತದೆ. ಅಲೆಗೂ ಗುಂಡಿಗೂ ನಡೆಯುವ ಈ ಜಗ್ಗಾಟದಲ್ಲಿ ಅಲೆ ಮುಂದಕ್ಕೆ ಸಾಗಲಾರದು.

ಅದೇ ಸಂಶೋಧಕ ತಂಡವು 2008ರಲ್ಲಿ ಇನ್ನೂ ಹಗುರವಾದ ರಚನೆಯನ್ನು ಮುಂದಿಟ್ಟಿತು. ತೆಳುವಾದ ರಬ್ಬರಿನ ಪೊರೆ, ಸುತ್ತ ಗಟ್ಟಿ ಚೌಕಟ್ಟು, ಪೊರೆಯ ನಡುವೆ ಒಂದು ಪುಟ್ಟ ಭಾರ. ಮೃದಂಗದ ಮುಖವನ್ನು ಕಂಡವರಿಗೆ ಬೇರೆ ಚಿತ್ರ ಬೇಡ. ನಡುವಿನ ಭಾರವನ್ನು ಹೆಚ್ಚಿಸಿದರೆ ಅದು ತಡೆಯುವ ಸದ್ದಿನ ಸ್ವರ ಇಳಿಯುತ್ತದೆ, ಕಡಿಮೆ ಮಾಡಿದರೆ ಏರುತ್ತದೆ. ಮೃದಂಗದ ಪೊರೆ ನಾದವನ್ನು ಹೊರಡಿಸುವುದಕ್ಕಾಗಿ, ಈ ಪೊರೆ ನಾದವನ್ನು ನಿಲ್ಲಿಸುವುದಕ್ಕಾಗಿ. ಉದ್ದೇಶ ವಿರುದ್ಧ, ತತ್ವ ಒಂದೇ. ‘ಇದನ್ನೆಲ್ಲ ಹಿರಿಯರು ಮೊದಲೇ ಕಂಡುಹಿಡಿದಿದ್ದರು’ ಎಂದು ಎದೆಯುಬ್ಬಿಸಲು ಈ ಸಾಮ್ಯವನ್ನು ಬಳಸುವುದು ತರವಲ್ಲ. ಮೃದಂಗದ ಕುಶಲಿಗೆ ಗದ್ದಲ ತಡೆಯುವ ಗೋಡೆಯ ಕಲ್ಪನೆ ಇರಲಿಲ್ಲ. ಅವನ ಕೈಯ ಅರಿವನ್ನು ಶಾಲೆಯ ವಿಜ್ಞಾನದ ಕೊಠಡಿಯು ಗೌರವದಿಂದ ಒಳಗೆ ಕರೆದುಕೊಳ್ಳಲಿಲ್ಲವಲ್ಲ ಎಂದು ವಿಷಾದಿಸಬಹುದು, ಅಷ್ಟೆ.

ಇಂತಹ ರಚನೆಗಳಿಗೆ ಒಂದು ದೌರ್ಬಲ್ಯವಿದೆ. ಪ್ರತಿಯೊಂದೂ ತನ್ನ ಶ್ರುತಿಯ ಆಸುಪಾಸಿನ ಸ್ವಲ್ಪವೇ ಆವೃತ್ತಿಗಳನ್ನು ಹಿಡಿಯುತ್ತದೆ; ಉಳಿದವನ್ನು ಹಾಯಗೊಡುತ್ತದೆ. ಗದ್ದಲವೋ ಗಳಿಗೆಗೊಂದು ಬಗೆ. ಬೆಳಿಗ್ಗೆ ಬಸ್ಸಿನ ಗುರುಗುರು, ಮಧ್ಯಾಹ್ನ ಗಿರಣಿ, ಸಂಜೆ ಮಳೆ. ಆದುದರಿಂದ ಬೇಕಾದಂತೆ ಶ್ರುತಿ ಬದಲಾಯಿಸಬಲ್ಲ ರಚನಾದ್ರವ್ಯಗಳತ್ತ ಸಂಶೋಧನೆ ಹೊರಳಿದೆ. ವಿದ್ಯುತ್ತಿನ ಒತ್ತಡದಿಂದ ಬಿಗಿ ಸಡಿಲಾಗುವ ಪೊರೆ, ಕಾಂತದಿಂದ ಎಳೆಯಲ್ಪಡುವ ಪೊರೆ, ವಿದ್ಯುನ್ಮಂಡಲಕ್ಕೆ ಜೋಡಿಸಿದ ಸ್ಫಟಿಕದ ಬಿಲ್ಲೆ, ಹೊಟ್ಟೆಯ ಅಳತೆಯನ್ನು ಕೊಂತದಿಂದ ಹಿಗ್ಗಿಸಿ ಕುಗ್ಗಿಸಬಹುದಾದ ಪಾತ್ರೆ, ಹೀಗೆ ನಾನಾ ಬಗೆ. ಸಭಾಂಗಣವೂ ಇದೇ ಸಮಸ್ಯೆಯನ್ನು ಎದುರಿಸುತ್ತದೆ. ವಚನ ಗಾಯನಕ್ಕೆ ಒಂದಿಷ್ಟು ಅನುರಣನವಿದ್ದರೆ ಕಂಠಕ್ಕೆ ತುಂಬುವಿಕೆ ಬರುತ್ತದೆ. ಪಾಠಕ್ಕೆ ಅದೇ ಅನುರಣನ ಶತ್ರು. ತುಂಬಿದ ಸಭೆಗೆ ಒಂದು ಲೆಕ್ಕ, ಅರ್ಧ ತುಂಬಿದ ಸಭೆಗೆ ಇನ್ನೊಂದು.

ಶ್ರುತಿ ಬದಲಾಯಿಸುವ ಪಾತ್ರೆಯ ಮಾತು ಕೇಳಿ ಅದು ವಿದೇಶದ ಪ್ರಯೋಗಾಲಯಕ್ಕೇ ಮೀಸಲಾದ ಯಂತ್ರವೆಂದು ಭಾವಿಸಬೇಕಾದ್ದಿಲ್ಲ. ನಲ್ಲಿಯ ಕೆಳಗೆ ಕೊಡವಿಟ್ಟ ಪ್ರತಿಯೊಬ್ಬ ಗೃಹಿಣಿಗೂ ಅದು ಗೊತ್ತು. ನೀರು ಏರಿದಂತೆ ಕೊಡದ ಸ್ವರವೂ ಏರುತ್ತದೆ. ಕೊಡ ತುಂಬುತ್ತ ಬಂದುದನ್ನು ಒಳಮನೆಯಿಂದಲೇ ಕಿವಿಯಲ್ಲಿ ಅರಿತು ಎದ್ದು ಬರುತ್ತಾರೆ. ಆ ಏರುವ ಸ್ವರದ ಹಿಂದೆ ನೀರಿನ ಮೇಲಿನ ಗಾಳಿ ಕುಗ್ಗುತ್ತ ಬರುವುದೇ ಕಾರಣ. ಕಿರಿಗೊರಳಿನ ಪಾತ್ರೆಯಲ್ಲಿ ಕೊರಳಿನ ಗಾಳಿಯು ಒಂದು ಭಾರದಂತೆಯೂ ಹೊಟ್ಟೆಯ ಗಾಳಿಯು ಸುರುಳಿಯ ಸ್ಪ್ರಿಂಗಿನಂತೆಯೂ ವರ್ತಿಸುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿಶದಪಡಿಸಿದನು. ಹತ್ತು ಲೀಟರ್ ಹಿಡಿಯುವ, ಎಂಟು ಸೆಂಟಿಮೀಟರ್ ಅಗಲದ ಬಾಯಿಯೂ ಮೂರು ಸೆಂಟಿಮೀಟರಿನ ಕೊರಳೂ ಇರುವ ಬಿಂದಿಗೆಯೊಂದರ ಸ್ವರ ಲೆಕ್ಕದಂತೆ ಸೆಕೆಂಡಿಗೆ ಸುಮಾರು 130 ಕಂಪನಗಳು. ಅರ್ಧ ನೀರು ತುಂಬಿದರೆ ಸುಮಾರು 185. ಮುಕ್ಕಾಲು ತುಂಬಿದರೆ 260. ಇದು ಲಾರಿ, ಜನರೇಟರುಗಳ ಗುಡುಗಿನ ನೆರೆಹೊರೆಯೇ. ಪ್ರಾಚೀನ ರೋಮಿನ ವಾಸ್ತುಕಾರ ವಿಟ್ರೂವಿಯಸ್ ರಂಗಮಂದಿರಗಳಲ್ಲಿ ಕಂಚಿನ ಪಾತ್ರೆಗಳನ್ನಿಡುವ ಕ್ರಮವನ್ನು ಬರೆದಿದ್ದಾನೆ. ಮಧ್ಯಯುಗದ ಐರೋಪ್ಯ ಇಗರ್ಜಿಗಳ ಗೋಡೆಯೊಳಗೆ ಬಾಯಿ ಮಾತ್ರ ಕಾಣುವಂತೆ ಹುದುಗಿಸಿದ ಮಣ್ಣಿನ ಗಡಿಗೆಗಳು ಇಂದಿಗೂ ಸಿಗುತ್ತವೆ. 2006ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇಂತಹ ಪುಟ್ಟ ಪಾತ್ರೆಗಳನ್ನು ಸಾಲಾಗಿ ಜೋಡಿಸಿಯೇ ಧ್ವನಿಯ ರಚನಾದ್ರವ್ಯವೊಂದನ್ನು ನಿರ್ಮಿಸಲಾಯಿತು. ಕೆಲವೇ ಗಡಿಗೆಗಳು ಸಭಾಂಗಣವನ್ನು ಉದ್ಧರಿಸುತ್ತವೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಬಾಯಿಗೆ ತೆಳುಬಟ್ಟೆ ಕಟ್ಟಿ, ಅಳತೆಯಲ್ಲಿ ವೈವಿಧ್ಯವಿರಿಸಿ, ಹೆಚ್ಚಿನ ಸಂಖ್ಯೆಯಲ್ಲಿ ಹುದುಗಿಸಿದರೆ ತಗ್ಗಿನ ಸದ್ದುಗಳ ಮೇಲೆ ಅವು ಕೆಲಸ ಮಾಡುತ್ತವೆ. ಊರ ಕುಂಬಾರನ ತಿಗರಿ ಇನ್ನೂ ತಿರುಗುತ್ತಿರುವಲ್ಲಿ ಅದರ ವೆಚ್ಚ ಗ್ರಾನೈಟಿನ ನೆಲಕ್ಕೆ ಹೋಲಿಸುವಷ್ಟಿಲ್ಲ.

ಈ ವಿದ್ಯೆ ಕರ್ನಾಟಕಕ್ಕೆ ಪರಕೀಯವೂ ಅಲ್ಲ. ಮೋಟಾರು ವಾಹನದ ಹೊಗೆಕೊಳವೆಗೆ ಕಟ್ಟಿರುವ ಸೈಲೆನ್ಸರ್ ಎಂಬ ಡಬ್ಬಿ ಅನುನಾದದ ಕೋಣೆಗಳ ಸರಪಳಿಯೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎಂ. ಎಲ್. ಮುಂಜಾಲ್ ಅವರು ಆ ವಿಷಯವನ್ನು ಕುರಿತು 1987ರಲ್ಲಿ ಪ್ರಕಟಿಸಿದ ಗ್ರಂಥ ಪ್ರಪಂಚದಾದ್ಯಂತ ಎಂಜಿನಿಯರುಗಳ ಮೇಜಿನ ಮೇಲಿದೆ. ಯಂತ್ರದ ಸದ್ದನ್ನು ಅದು ಹುಟ್ಟಿದಲ್ಲಿಯೇ ಅಡಗಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಶಾಲೆಯ ಜನರೇಟರಿನ ಮಟ್ಟಿಗಾದರೂ ಅದು ಆಡಳಿತ ಮಂಡಳಿಯ ಕೈಯಲ್ಲಿಯೇ ಇರುವ ಸಂಗತಿ. 2000ದ ಶಬ್ದ ಮಾಲಿನ್ಯ ನಿಯಮಗಳು ವಿದ್ಯಾಸಂಸ್ಥೆಯ ಸುತ್ತ 100 ಮೀಟರುಗಳನ್ನು ನಿಶ್ಶಬ್ದ ವಲಯವೆಂದೂ, ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್ ಎಂದೂ ಹೇಳುತ್ತವೆ. ಹೆದ್ದಾರಿಯ ಬದಿಯ ಶಾಲೆಗೆ ಆ ನಿಯಮವು ಎಷ್ಟು ಆಸರೆಯಾದೀತೆಂಬುದನ್ನು ಬೇರೆ ಹೇಳಬೇಕಿಲ್ಲ.

ಕಿಟಕಿಯ ಪ್ರಶ್ನೆ ಮಾತ್ರ ಜಟಿಲವಾಗಿದೆ. ಕಿಟಕಿ ತೆರೆದರೆ ಒಳಗಿನ ಅನುರಣನ ಹೊರಗೆ ಹೋಗುತ್ತದೆ, ಹೊರಗಿನ ಗದ್ದಲ ಒಳಗೆ ಬರುತ್ತದೆ. ಮುಚ್ಚಿದರೆ ಸೆಕೆ, ಕತ್ತಲೆ, ಪ್ರತಿಧ್ವನಿ. ಹವಾನಿಯಂತ್ರಣದ ಮಾತು ಹಳ್ಳಿಯ ಶಾಲೆಗೆ ಸಲ್ಲದು. 2019ರಲ್ಲಿ ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕೊಳವೆಯ ಬಾಯಿಗೆ ಕೂಡಿಸುವ ಒಂದು ಬಳೆಯಾಕಾರದ ರಚನೆಯನ್ನು ಪ್ರಕಟಿಸಿದರು. ಅದರ ನಡುವೆ ಗಾಳಿ ಸರಾಗವಾಗಿ ಹಾಯುತ್ತದೆ. ಆದರೆ ಗೊತ್ತುಮಾಡಿದ ಆವೃತ್ತಿಯ ಸದ್ದಿನಲ್ಲಿ ನೂರಕ್ಕೆ 94 ಭಾಗ ಹಿಂದಕ್ಕೆ ತಿರುಗುತ್ತದೆ. ಗಾಳಿಗೆ ಬಾಗಿಲು, ಗದ್ದಲಕ್ಕೆ ಗೋಡೆ! ಉಷ್ಣದೇಶದ ಶಾಲೆಗೆ ಬೇಕಾದುದು ನಿಖರವಾಗಿ ಇದೇ. ಅಂತಹ ಕಿಟಕಿ ಅಂಗಡಿಯಲ್ಲಿ ಸಿಗುವ ಸರಕಾಗಲು ಇನ್ನೂ ದೂರವಿದೆ. ಅದನ್ನು ತಣ್ಣನೆಯ ನಾಡಿನ ಪ್ರಯೋಗಾಲಯಗಳೇ ಸಿದ್ಧಪಡಿಸಿ ಕಳುಹಿಸಲಿ ಎಂದು ಕಾಯುವುದು ಮಾತ್ರ ಜಾಣತನವಲ್ಲ. ಇಲ್ಲಿಯ ಸೆಕೆ, ಇಲ್ಲಿಯ ಬಸ್ಸು, ಇಲ್ಲಿಯ ಮಳೆ ಅವರ ಲೆಕ್ಕದಲ್ಲಿಲ್ಲ. ಗ್ರಾಮೀಣ ಶಾಲೆಗಳಲ್ಲಿ ಓದಿ ಎಂಜಿನಿಯರುಗಳಾಗಿ ದೂರದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ತಕ್ಕ ಗುರುದಕ್ಷಿಣೆ ಯಾವುದು? ಹಣದ ಚೆಕ್ಕಿನೊಡನೆ ಒಂದು ಲೆಕ್ಕದ ಹಾಳೆಯನ್ನೂ ಅವರು ಕಳುಹಿಸಿದರೆ ಸಂಸ್ಥೆಗಳಿಗೆ ಇಮ್ಮಡಿ ಉಪಕಾರವಾಗುತ್ತದೆ.

ಅದುವರೆಗೆ ಕೈಗೆಟುಕುವ ಕೆಲಸಗಳೇ ಸಾಕಷ್ಟಿವೆ. ಮೇಲೆ ಹೇಳಿದ ಕಲ್ಪಿತ ಸಭಾಂಗಣದ ಚಾವಣಿಗೆ, ನಡುವೆ ಗೇಣಗಲ ಗಾಳಿಯ ಎಡೆ ಬಿಟ್ಟು, ಬಿದಿರ ತಡಿಕೆಯ ಮೇಲೆ ತೆಂಗಿನ ನಾರಿನ ದಪ್ಪ ಹಾಸನ್ನು ಹರಡಿ ಕಟ್ಟಿಸಿದರೆ, ಅದು ಬಿದ್ದ ಧ್ವನಿಯಲ್ಲಿ ಅರ್ಧವನ್ನು ಹೀರಿತೆಂದರೂ 225 ಮಾನಗಳಾದವು. ನಲವತ್ತು ಚದರ ಮೀಟರ್ ಕಿಟಕಿ ತೆರೆದು 100 ಮಕ್ಕಳನ್ನು ಕೂರಿಸಿದರೆ ಆರು ಸೆಕೆಂಡಿನ ಅನುರಣನ 1.3ಕ್ಕೆ ಇಳಿಯುತ್ತದೆ. ಹಿಂಬದಿಯ ಗೋಡೆಗೆ ಎಳೆದು ಸರಿಸಬಹುದಾದ ದಪ್ಪ ಪರದೆ ಹಾಕಿಸಿದರೆ ಪಾಠಕ್ಕೂ ಗಾಯನಕ್ಕೂ ಬೇಕಾದಂತೆ ಶ್ರುತಿಮಾಡಿಕೊಳ್ಳಬಹುದು. ರವೆ ಮೆತ್ತುವ, ತೆಗೆಯುವ ಕೆಲಸವೇ ಇದು. ತಗಡಿನ ಮಾಡಿದ್ದರೆ, ಹನಿ ಬಿದ್ದಾಗ ತಗಡು ತಾನೇ ತಮಟೆಯಾಗುವುದರಿಂದ, ಅದರ ಮೇಲೆ ಸೋಗೆ ಹೊದಿಸಿ ಹನಿಯ ಪೆಟ್ಟನ್ನೇ ಮೆತ್ತಗೆ ಮಾಡುವುದು, ಕೆಳಗೆ ತಡಿಕೆ ಕಟ್ಟುವುದು, ಎರಡೂ ಬೇಕು. ನಾರಿಗೆ ಧೂಳು, ಗೆದ್ದಲು, ಬೆಂಕಿಯ ಭಯವಿದೆ ಎಂಬ ಆಕ್ಷೇಪ ಸರಿಯಾದುದೇ. ಬೆಂಕಿ ತಡೆಯುವ ಲೇಪವಿಲ್ಲದೆ, ವರ್ಷಕ್ಕೊಮ್ಮೆ ಬಿಚ್ಚಿ ಕೊಡವುವ ಏರ್ಪಾಡಿಲ್ಲದೆ ಅದನ್ನು ಕಟ್ಟಿಸಲೇಬಾರದು. ಹಳೆಯ ಮಂಗಳೂರು ಹೆಂಚಿನ ಶಾಲೆಗಳನ್ನು ಕೆಡವುವ ಮುನ್ನ ಒಮ್ಮೆ ಅವುಗಳೊಳಗೆ ನಿಂತು ಮಾತನಾಡಿ ನೋಡುವುದೂ ಒಳ್ಳೆಯದು. ಹೆಂಚಿನ ಸಂದುಗಳಲ್ಲಿ ಧ್ವನಿ ಹೊರಗೆ ಜಾರಿಹೋಗುವ ಆ ಕಟ್ಟಡಗಳಲ್ಲಿ ಮಾತು ಎಷ್ಟು ಬಿಡಿಬಿಡಿಯಾಗಿ ಕೇಳುತ್ತಿತ್ತೆಂಬುದು ಹಿರಿಯ ಉಪಾಧ್ಯಾಯರ ನೆನಪಿನಲ್ಲಿದೆ.

ಅಳತೆಗೆ ದೂರ ಹೋಗಬೇಕಾದ್ದಿಲ್ಲ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ಹಂಪಾಪುರದಿಂದ ಬೆಳಗಿನ ಬಸ್ಸು ಹತ್ತಿದರೆ ಕೆಲಸ ಮುಗಿಸಿ ಸಂಜೆಗೆ ಹಿಂದಿರುಗಬಹುದು. ಶ್ರವಣಶಕ್ತಿಯಲ್ಲಿ ಕೊರತೆಯುಂಟೆಂದು ಸಂದೇಹ ಬಂದ ಮಗುವನ್ನು ಅಲ್ಲಿ ತೋರಿಸುವುದಂತೂ ಶಾಲೆಯ ಪ್ರಥಮ ಕರ್ತವ್ಯ. ಕಟ್ಟಡದ ಪರೀಕ್ಷೆಗಾದರೋ ಯಾವ ಉಪಕರಣವೂ ಬೇಡ. ಮುಂದಿನ ಸಭಾಂಗಣದ ನಕ್ಷೆಗೆ ಸಹಿ ಬೀಳುವ ಮೊದಲು, ಈಗಿರುವ ಸಭಾಂಗಣದಲ್ಲಿ 100 ಮಕ್ಕಳನ್ನು ಕೂರಿಸಿ, ಧ್ವನಿವರ್ಧಕವಿಲ್ಲದೆ, ಬಸ್ಸು ಓಡಾಡುವ ಹೊತ್ತಿನಲ್ಲಿ, ಅರ್ಧ ಪುಟದ ಉಕ್ತಲೇಖನ ಕೊಡಿಸಬೇಕು. ಮುಂದಿನ ಸಾಲಿನ ಹತ್ತು ಪುಸ್ತಕಗಳನ್ನೂ ಕೊನೆಯ ಸಾಲಿನ ಹತ್ತು ಪುಸ್ತಕಗಳನ್ನೂ ತಿದ್ದಿ, ನಕ್ಷೆಯ ಜೊತೆಯಲ್ಲಿಯೇ ಸಮಿತಿಯ ಮೇಜಿನ ಮೇಲೆ ಇರಿಸಬೇಕು.